ಮೃಗಾಲಯದಿಂದ ಪ್ರಾಣಿಗಳು ಏಕೆ ಮರೆಯಾಗುತ್ತಿವೆ?

ಪ್ರಶ್ನೆ (ಹಳೆಯ ಸಂದರ್ಶಕ):

ಎಂಟು ವರ್ಷಗಳ ನಂತರ ಮೊನ್ನೆ ನಗರದ ಮೃಗಾಲಯಕ್ಕೆ ಹೋದಾಗ, ನನ್ನ ನೆನಪಿನಲ್ಲಿದ್ದ ನಕಾಶೆಗೂ ಕಣ್ಣೆದುರು ಕಂಡದ್ದಕ್ಕೂ ತಾಳೆಯೇ ಆಗಲಿಲ್ಲ. ಆನೆಗಳಿದ್ದ ಜಾಗದಲ್ಲಿ ಈಗ ಒಂದು ಘೇಂಡಾಮೃಗವಿದೆ, ಹಿಮಕರಡಿಯ ಕೊಳ ಬರಿದಾಗಿದೆ, ಸಾಲಾಗಿದ್ದ ಆರು ಪಂಜರಗಳನ್ನು ಒಡೆದು ಆ ಜಾಗವನ್ನೆಲ್ಲ ಒಂದೇ ಚಿರತೆಗೆ ಬಿಟ್ಟುಕೊಟ್ಟಿದ್ದಾರೆ. ಮುಕ್ಕಾಲು ಗಂಟೆ ಕಾದರೂ ಆ ಚಿರತೆ ಪೊದೆಯಿಂದ ಹೊರಗೆ ಬರಲಿಲ್ಲ. ಫಲಕಗಳಲ್ಲಿ ‘ಹೊಸ ಆವರಣ’ ಎಂದಿದೆಯೇ ಹೊರತು, ಮೊದಲಿದ್ದ ಪ್ರಾಣಿಗಳು ಎಲ್ಲಿಗೆ ಹೋದವು, ಏಕೆ ಹೋದವು ಎಂಬ ಸುಳಿವಿಲ್ಲ. ಇದು ಸುಧಾರಣೆಯೋ, ಖರ್ಚು ಉಳಿಸುವ ಉಪಾಯವೋ? ತಿಳಿದವರು ವಿವರಿಸಬೇಕೆಂದು ಕೋರುತ್ತೇನೆ.

ಉತ್ತರ 1 (ನಿವೃತ್ತ ಪ್ರಾಣಿಪಾಲಕ):

ನೀವು ಕೇಳಿದ ಮೂರು ಬದಲಾವಣೆಗಳಿಗೂ ಕಾರಣಗಳು ಬೇರೆ ಬೇರೆ ಇರುವ ಸಾಧ್ಯತೆಯೇ ಹೆಚ್ಚು.

ಆನೆಯಿಂದಲೇ ಆರಂಭಿಸುತ್ತೇನೆ. ಹೆಣ್ಣಾನೆಗಳು ತಾಯಿ, ಮಗಳು, ಚಿಕ್ಕಮ್ಮ ಎಂದು ಬಂಧುಗಳ ಗುಂಪಿನಲ್ಲಿಯೇ ಬದುಕುವಂಥವು. ಬೆಳೆದ ಗಂಡಾನೆಗೆ ಪ್ರತ್ಯೇಕ ಜಾಗ ಬೇಕು. ಗರ್ಭಾವಧಿಯೇ ಸುಮಾರು 22 ತಿಂಗಳು. ಗಟ್ಟಿ ನೆಲದ ಮೇಲೆ ವರ್ಷಗಟ್ಟಲೆ ನಿಂತ ಆನೆಗೆ ಪಾದದ ಹುಣ್ಣು ಮತ್ತು ಕೀಲುನೋವು ಬರುವುದನ್ನು ನಾನು ಕಣ್ಣಾರೆ ಕಂಡಿದ್ದೇನೆ. ನಗರದ ನಡುವೆ ಸಿಕ್ಕಿಕೊಂಡಿರುವ ಹಳೆಯ ಮೃಗಾಲಯವೊಂದು ಇವೆಲ್ಲಕ್ಕೂ ನೆಲವನ್ನು ಎಲ್ಲಿಂದ ತರಬೇಕು? ಲಂಡನ್ ಮೃಗಾಲಯದಲ್ಲಿ ಆನೆಯೊಂದು ಪಾಲಕನನ್ನು ತುಳಿದು ಕೊಂದ 2001ರಲ್ಲಿಯೇ ಅಲ್ಲಿದ್ದ ಆನೆಗಳನ್ನು ನಗರದ ಹೊರಗಿನ ಮೃಗಾಲಯವಾದ ವಿಪ್ಸ್‌ನೇಡ್‌ಗೆ ಸಾಗಿಸಲಾಯಿತು. ಡೆಟ್ರಾಯಿಟ್ ಮೃಗಾಲಯವಂತೂ ಅಲ್ಲಿನ ಚಳಿಗಾಲ ಮತ್ತು ಆನೆಗಳ ಸಂಧಿವಾತವನ್ನು ಪರಿಗಣಿಸಿ, 2005ರಲ್ಲಿ ತನ್ನ ಎರಡು ಮುದಿ ಆನೆಗಳನ್ನು ಕ್ಯಾಲಿಫೋರ್ನಿಯದ ಆಶ್ರಯಧಾಮಕ್ಕೆ ತಾನಾಗಿಯೇ ಕಳುಹಿಸಿಕೊಟ್ಟಿತು.

ಹಿಮಕರಡಿಯ ವಿಷಯದಲ್ಲಿ ಬಹುಪಾಲು ನಡೆಯುವುದು ಸಾಗಣೆಯಲ್ಲ, ಕಾಯುವಿಕೆ. ಇರುವ ಪ್ರಾಣಿ ಬದುಕಿರುವವರೆಗೂ ನೋಡಿಕೊಂಡು, ಅದು ಸತ್ತ ಮೇಲೆ ಹೊಸದನ್ನು ತರುವುದಿಲ್ಲ. ಉಷ್ಣವಲಯದಲ್ಲಿ ಹುಟ್ಟಿದ ಮೊದಲ ಹಿಮಕರಡಿ ಎನಿಸಿದ ಸಿಂಗಪುರದ ‘ಇನೂಕಾ’ 2018ರಲ್ಲಿ ಸತ್ತಿತು. ಇನ್ನು ಮುಂದೆ ಹಿಮಕರಡಿ ಬೇಡವೆಂದು ಅಲ್ಲಿನ ಮೃಗಾಲಯ ಅದಕ್ಕೂ ಹಲವು ವರ್ಷ ಮೊದಲೇ ತೀರ್ಮಾನಿಸಿತ್ತು.

ಇನ್ನು ಎಲ್ಲಿಗೆ ಹೋದವು ಎಂಬ ಪ್ರಶ್ನೆ. ಅಳಿವಿನಂಚಿನ ಪ್ರಾಣಿಗಳ ಜೋಡಿಯನ್ನು ಅನೇಕ ಕಡೆ ಆಯಾ ಮೃಗಾಲಯವೊಂದೇ ನಿರ್ಧರಿಸುವುದಿಲ್ಲ. ಯುರೋಪಿಯನ್ ಬೈಸನ್ ಕಾಡಿನಿಂದ ಪೂರ್ತಿ ಅಳಿದು, ಕೇವಲ 12 ಪ್ರಾಣಿಗಳ ಸಂತತಿಯಾಗಿ ಉಳಿದುಕೊಂಡ ಕಥೆ ನಿಮಗೆ ತಿಳಿದಿರಬಹುದು. ಅವುಗಳ ವಂಶಾವಳಿ ಪುಸ್ತಕದ ಮೊದಲ ಮುದ್ರಣ 1932ರಲ್ಲಿ ಬಂತು. ಅದೇ ಕ್ರಮವನ್ನು ಅನುಸರಿಸಿ ಅಮೆರಿಕದಲ್ಲಿ 1981ರಲ್ಲಿ, ಯುರೋಪಿನಲ್ಲಿ 1985ರಲ್ಲಿ ಸಂಘಟಿತ ಸಂತಾನಾಭಿವೃದ್ಧಿ ಕಾರ್ಯಕ್ರಮಗಳು ಆರಂಭವಾದವು. ಯಾವ ಪ್ರಾಣಿಗೆ ಉಳಿದವುಗಳ ಪೈಕಿ ಬಂಧುಗಳು ಕಡಿಮೆಯೋ ಅದರ ಸಂತತಿಗೆ ಆದ್ಯತೆ ಕೊಡುವುದು ಇಲ್ಲಿನ ಲೆಕ್ಕ. ಹಾಗಾಗಿ ನೀವು ಮೆಚ್ಚಿದ ಹುಲಿ ಒಂದು ದಿನ ಪೆಟ್ಟಿಗೆಯೇರಿ ಬೇರೊಂದು ದೇಶಕ್ಕೆ ಹೊರಟುಹೋಗಬಹುದು. ಈ ಲೆಕ್ಕಕ್ಕೆ ಕಠೋರ ಮುಖವೂ ಇದೆ: 2014ರಲ್ಲಿ ಕೋಪನ್‌ಹೇಗನ್ ಮೃಗಾಲಯವು ‘ಮಾರಿಯಸ್’ ಎಂಬ ಆರೋಗ್ಯವಂತ ಜಿರಾಫೆ ಮರಿಯನ್ನು, ಅದರ ವಂಶವಾಹಿಗಳು ಉಳಿದ ಜಿರಾಫೆಗಳಲ್ಲಿ ಆಗಲೇ ಸಾಕಷ್ಟಿವೆ ಎಂಬ ಕಾರಣಕ್ಕೆ ಕೊಂದಿತು. ನನಗೆ ಆ ಲೆಕ್ಕ ಅರ್ಥವಾಗುತ್ತದೆ, ಒಪ್ಪಿಗೆಯಂತೂ ಆಗಿಲ್ಲ.

ಉತ್ತರ 2 (ವಿನ್ಯಾಸ ಅಭ್ಯಾಸಿ):

ಮೇಲಿನವರು ಪ್ರಾಣಿಗಳ ಕುರಿತು ಹೇಳಿದ್ದಾರೆ. ಕಟ್ಟಡಗಳ ಬಗ್ಗೆ ಒಂದೆರಡು ಮಾತು ಸೇರಿಸುತ್ತೇನೆ. ಕಂಬಿಗಳನ್ನು ತೆಗೆದು ಕಂದಕಗಳಿಂದ ಪ್ರಾಣಿಗಳನ್ನು ಬೇರ್ಪಡಿಸುವ ಪದ್ಧತಿಯನ್ನು ಜನಪ್ರಿಯಗೊಳಿಸಿದ್ದು 1907ರಲ್ಲಿ ಜರ್ಮನಿಯ ಹ್ಯಾಂಬರ್ಗ್ ಬಳಿ ತೆರೆದ, ಪ್ರಾಣಿ ವ್ಯಾಪಾರಿ ಹಾಗೆನ್‌ಬೆಕ್ ಅವರ ಉದ್ಯಾನ. ಆದರೆ ಅದು ಮುಖ್ಯವಾಗಿ ನೋಡುವವರ ಕಣ್ಣಿಗಾಗಿ ರಚಿಸಿದ ದೃಶ್ಯವಾಗಿತ್ತು. 1970ರ ದಶಕದ ಕೊನೆಗೆ ಸಿಯಾಟಲ್‌ನ ವುಡ್‌ಲ್ಯಾಂಡ್ ಪಾರ್ಕ್ ಮೃಗಾಲಯವು ಗೊರಿಲ್ಲಾಗಳಿಗೆ ಮರಗಿಡಗಳ ನಡುವೆ ಮನೆ ಮಾಡಿಕೊಟ್ಟು, ಸಂದರ್ಶಕರನ್ನೂ ಅದೇ ಹಸಿರಿನೊಳಗೆ ನಡೆಸಿತು. ನಿಮ್ಮ ಚಿರತೆಯ ಪೊದೆ ಆ ವಿಚಾರದ ದೂರದ ಕುಡಿ ಎನ್ನಬಹುದು.

ಲಂಡನ್ ಮೃಗಾಲಯದ ಪೆಂಗ್ವಿನ್ ಕೊಳದ ಉದಾಹರಣೆ ಇನ್ನೂ ಸ್ವಾರಸ್ಯಕರವಾಗಿದೆ. ವಾಸ್ತುಶಿಲ್ಪಿ ಲುಬೆಟ್ಕಿನ್ ಮತ್ತು ಸಂಗಡಿಗರು 1934ರಲ್ಲಿ ಕಟ್ಟಿದ, ಸುರುಳಿಯಾಗಿ ಇಳಿಯುವ ಎರಡು ಕಾಂಕ್ರೀಟ್ ಇಳಿಜಾರುಗಳ ಆ ರಚನೆಯನ್ನು ವಾಸ್ತುಶಿಲ್ಪಿಗಳು ಇಂದಿಗೂ ಕೊಂಡಾಡುತ್ತಾರೆ. 2004ರಲ್ಲಿ ದುರಸ್ತಿಗೆಂದು ಪೆಂಗ್ವಿನ್‌ಗಳನ್ನು ಬಾತುಕೋಳಿಗಳ ಕೊಳಕ್ಕೆ ಸ್ಥಳಾಂತರಿಸಿದರು. ಅವು ಅಲ್ಲಿ ಎಷ್ಟು ಚೆನ್ನಾಗಿ ಹೊಂದಿಕೊಂಡವೆಂದರೆ ಮತ್ತೆ ಆ ಸುಂದರ ಕೊಳಕ್ಕೆ ಮರಳಿ ಕರೆತರಲೇ ಇಲ್ಲ. ಸಂರಕ್ಷಿತ ಸ್ಮಾರಕವಾದ್ದರಿಂದ ಅದನ್ನು ಕೆಡವುವಂತೆಯೂ ಇಲ್ಲ. ಖಾಲಿ ಕೊಳ ಕಂಡಾಗಲೆಲ್ಲ ಅದನ್ನು ನಿರ್ಲಕ್ಷ್ಯವೆಂದು ತಿಳಿಯಬೇಕಾಗಿಲ್ಲ ಎಂಬುದಕ್ಕಷ್ಟೇ ಇದನ್ನು ಹೇಳಿದೆ.

ಉತ್ತರ 3 (ಸಂಶಯವಾದಿ):

ಇಬ್ಬರ ವಿವರಣೆಯೂ ಸರಿಯೇ, ಆದರೆ ಸ್ವಲ್ಪ ಉದಾರವಾಗಿದೆ. ಹಗಲಿನಲ್ಲಿ ನಾವು ನೋಡುವ ಬಂಡೆ, ಜಲಪಾತಗಳಲ್ಲಿ ಎಷ್ಟೋ ಬಣ್ಣ ಬಳಿದ ಸಿಮೆಂಟು. ಅವು ಪ್ರಾಣಿಗೆ ನೆರಳನ್ನೂ ಕೊಡುವುದಿಲ್ಲ, ಹತ್ತಲೂ ಬಿಡುವುದಿಲ್ಲ. ಬಾಗಿಲು ಮುಚ್ಚಿದ ಮೇಲೆ ಬಹಳಷ್ಟು ಪ್ರಾಣಿಗಳು ಮರುದಿನ ಬೆಳಗಿನವರೆಗೆ ಇರುವುದು ಹಿಂಬದಿಯ ರಾತ್ರಿಮನೆಯಲ್ಲಿ. ಹೊರಗಿನ ಆವರಣ ಹತ್ತು ಪಟ್ಟು ದೊಡ್ಡದಾಗಿ, ರಾತ್ರಿಮನೆ ಮಾತ್ರ ಹಳೆಯ ಅಳತೆಯಲ್ಲೇ ಉಳಿದಿದ್ದರೆ ಪ್ರಾಣಿಯ ಪಾಲಿಗೆ ಅರ್ಧ ದಿನವಷ್ಟೇ ಬದಲಾಯಿತು. ಜೊತೆಗೆ, ಹೊರಟುಹೋದ ಅಪರೂಪದ ಪ್ರಾಣಿಗಳ ಜಾಗಕ್ಕೆ ಎಲ್ಲೆಡೆ ಅದೇ ಮುಂಗುಸಿ ಜಾತಿಯ ಮೀರ್‌ಕ್ಯಾಟ್, ಅದೇ ನೀರುನಾಯಿ ಬರುವುದನ್ನು ಸಂರಕ್ಷಣೆ ಎಂದು ಕರೆಯುವುದಕ್ಕೆ ನನಗೆ ಮನಸ್ಸಾಗುವುದಿಲ್ಲ.

ಹಳೆಯ ಸಂದರ್ಶಕ:

ಎಲ್ಲರಿಗೂ ಕೃತಜ್ಞತೆಗಳು. ರಾತ್ರಿಮನೆಯ ಮಾತು ನನಗೆ ಹೊಳೆದೇ ಇರಲಿಲ್ಲ. ಆದರೆ ಅಲ್ಲಿಗೆ ನಮ್ಮಂಥವರಿಗೆ ಪ್ರವೇಶವಿಲ್ಲದಿರುವಾಗ, ಹೊರಗಿನಿಂದ ನೋಡಿ ತಿಳಿಯುವ ಬಗೆ ಏನಾದರೂ ಇದೆಯೇ?

ಉತ್ತರ 1 (ನಿವೃತ್ತ ಪ್ರಾಣಿಪಾಲಕ):

ಸಂಶಯವಾದಿಯವರ ಮಾತಿಗೆ ನನ್ನ ತಕರಾರಿಲ್ಲ, ಒಂದು ತಿದ್ದುಪಡಿ ಮಾತ್ರ: ಸಣ್ಣ ಪ್ರಾಣಿಯ ಪ್ರದರ್ಶನವೆಲ್ಲ ಪೊಳ್ಳಲ್ಲ. ಪಾಲಿನೇಷ್ಯದ ಹಲವು ಬಗೆಯ ಪಾರ್ಟುಲಾ ಬಸವನಹುಳುಗಳು, ಮತ್ತೊಂದು ಜಾತಿಯ ಬಸವನಹುಳುವನ್ನು ಹತೋಟಿಗೆ ತರಲೆಂದು ಬಿಟ್ಟ ಬೇಟೆಗಾರ ಬಸವನಹುಳುವಿಗೆ ಬಲಿಯಾಗಿ ಕಾಡಿನಲ್ಲಿ ಅಳಿದಾಗ, ಮೃಗಾಲಯಗಳ ಗಾಜಿನ ಪೆಟ್ಟಿಗೆಗಳಲ್ಲೇ ಉಳಿದವು. 2015ರಿಂದ ಅವುಗಳನ್ನು ಮತ್ತೆ ದ್ವೀಪಗಳಿಗೆ ಬಿಡಲಾಗುತ್ತಿದೆ. ಆ ಪೆಟ್ಟಿಗೆಯ ಮುಂದೆ ಯಾರೂ ಅರ್ಧ ನಿಮಿಷ ನಿಲ್ಲುವುದಿಲ್ಲ.

ನಿಮ್ಮ ಪ್ರಶ್ನೆಗೆ ಬರುವುದಾದರೆ, ಹೊರಗಿನಿಂದಲೂ ಒಂದಿಷ್ಟು ತಿಳಿಯಬಹುದು. ಪ್ರಾಣಿ ಒಂದೇ ಜಾಡಿನಲ್ಲಿ ಅತ್ತಿತ್ತ ಸುತ್ತುತ್ತಿದೆಯೇ, ಅಂಚಿನುದ್ದಕ್ಕೂ ಹುಲ್ಲು ಸವೆದು ದಾರಿಯಾಗಿದೆಯೇ ಎಂದು ನೋಡಿ. ಹಗಲಿನಲ್ಲಿಯೂ ಹಿಂಬದಿಯ ಬಾಗಿಲು ತೆರೆದಿದ್ದು, ಒಳಗಿರಬೇಕೋ ಹೊರಗಿರಬೇಕೋ ಎಂಬ ಆಯ್ಕೆ ಪ್ರಾಣಿಗೇ ಇದೆಯೇ ಎಂದು ಪಾಲಕರನ್ನು ವಿಚಾರಿಸಿ. ವಾರ್ಷಿಕ ವರದಿ ಇದ್ದರೆ ಕೇಳಿ ಪಡೆಯಿರಿ. ಜನನ, ಮರಣ, ಸಾಗಣೆಗಳ ಪಟ್ಟಿ ಸಾಮಾನ್ಯವಾಗಿ ಅದರಲ್ಲಿರುತ್ತದೆ, ನಿಮ್ಮ ಆನೆಗಳ ವಿಳಾಸ ಸಿಗುವುದಾದರೆ ಅಲ್ಲಿಯೇ. ಹಾಂ, ಚಿರತೆಯನ್ನು ನೋಡಲೇಬೇಕೆಂದಿದ್ದರೆ ನಡುಹಗಲಿನಲ್ಲಿ ಹೋಗಬೇಡಿ. ಬಾಗಿಲು ತೆರೆದ ಮೊದಲ ಗಂಟೆಯಲ್ಲಿ ಹೋಗಿ.