ಬೈಪಾಸಿನಲ್ಲಿ ನಲವತ್ತೆರಡು ನಿಮಿಷ: ತಪ್ಪು ಯಾರದ್ದು?

ಬೈಪಾಸ್ ಚಾಲಕ: ಬೆಂಗಳೂರಿನಿಂದ ಮುಂಬೈಗೆ ಲೋಡ್ ಇತ್ತು. ದಾವಣಗೆರೆ ಬೈಪಾಸಿನಿಂದ ನನ್ನ ಮನೆ ಮೂರು ಕಿಲೋಮೀಟರ್. ಮನೆಯವರ ಮುಖ ನೋಡಿ ಹನ್ನೊಂದು ದಿನವಾಗಿತ್ತು. ಹೆಂಡತಿ ರೊಟ್ಟಿ, ಎಣ್ಣೆಗಾಯಿ ಕಟ್ಟಿಕೊಂಡು, ಮಗಳನ್ನು ಸ್ಕೂಟರಿನ ಮುಂದೆ ನಿಲ್ಲಿಸಿಕೊಂಡು ಸರ್ವಿಸ್ ರಸ್ತೆಗೆ ಬಂದಳು. ಕ್ಯಾಬಿನ್ನಿನಲ್ಲೇ ಕುಳಿತು ಉಂಡೆವು. ಮಗಳು ಸೀಟಿನ ಹಿಂದಿನ ಬರ್ತಿನಲ್ಲಿ ನನ್ನ ಟವಲ್ ಹೊದ್ದು ನಿದ್ದೆ ಹೋದಳು. ಎಬ್ಬಿಸಲು ಮನಸ್ಸಾಗದೆ ಹತ್ತು ನಿಮಿಷ ಹೆಚ್ಚು ನಿಂತೆ. ಒಟ್ಟು ನಲವತ್ತೆರಡು ನಿಮಿಷವಾಯಿತು. ಜಿಪಿಎಸ್ ನೋಡುತ್ತಿದ್ದ ಮಾಲೀಕರು ಅಷ್ಟರಲ್ಲಿ ಮೂರು ಸಲ ಫೋನ್ ಮಾಡಿದ್ದರು. ಟ್ರಿಪ್ ಮುಗಿದ ಮೇಲೆ ಬಾಟಾದಲ್ಲಿ, ಅಂದರೆ ಟ್ರಿಪ್ಪಿನ ಭತ್ಯೆಯಲ್ಲಿ, ಐನೂರು ರೂಪಾಯಿ ಹಿಡಿದರು. ತಪ್ಪು ಯಾರದ್ದು, ನೀವೇ ಹೇಳಿ.

ಮೂರು ಲಾರಿ: "ಹತ್ತು ನಿಮಿಷ ಹೆಚ್ಚು ನಿಂತೆ" ಎಂದು ನೀವೇ ಬರೆದಿದ್ದೀರಿ, ಅಲ್ಲಿಗೆ ಮಾತು ಮುಗಿಯಿತು. ನಾನೂ ಮಾಲೀಕ. ತಿಂಗಳ ಕಂತು ಕಟ್ಟುವಾಗ ನನ್ನ ಮಗಳು ನಿದ್ದೆ ಮಾಡುತ್ತಿದ್ದಾಳೆ ಎಂದರೆ ಬ್ಯಾಂಕಿನವರು ಕೇಳುತ್ತಾರೆಯೇ? ಗೋದಾಮಿನಲ್ಲಿ ಒಂದು ಸರದಿ ತಪ್ಪಿದರೆ ಅನ್‌ಲೋಡ್ ಮರುದಿನಕ್ಕೆ ಹೋಗುತ್ತದೆ.

ಹಳೇ ಕ್ಲೀನರ್: ಸರದಿಯ ವಿಷಯ ತೆಗೆದಿರಲ್ಲ, ಒಳ್ಳೆಯದಾಯಿತು. ಗೋದಾಮಿನ ಗೇಟಿನ ಮುಂದೆ ಎರಡು ಹಗಲು, ಎರಡು ರಾತ್ರಿ ಟೈರಿನ ನೆರಳಿನಲ್ಲಿ ಕಾದವನು ನಾನು. ಕಾದದ್ದಕ್ಕೆ ಹಾಲ್ಟಿಂಗ್ ಎಂದು ಒಂದು ರೂಪಾಯಿ ಕೊಟ್ಟವರಿಲ್ಲ. ಆಗ ಯಾವ ಜಿಪಿಎಸ್ಸೂ ಕೂಗಲಿಲ್ಲ. 2017ರ ಜುಲೈನಲ್ಲಿ ಜಿಎಸ್‌ಟಿ ಬಂದು ತೆರಿಗೆಯ ಚೆಕ್‌ಪೋಸ್ಟ್‌ಗಳು ಹೋದವು, 2021ರಲ್ಲಿ ಫಾಸ್ಟ್ಯಾಗ್ ಕಡ್ಡಾಯವಾಯಿತು. ದಾರಿಯಲ್ಲಿ ಉಳಿದ ಆ ಸಮಯವೆಲ್ಲ ಎಲ್ಲಿಗೆ ಹೋಯಿತು? ಚಾಲಕನ ಮನೆಗಂತೂ ಬರಲಿಲ್ಲ.

ಮೂರು ಲಾರಿ: "ಒಂದು ರೂಪಾಯಿ ಕೊಟ್ಟವರಿಲ್ಲ" ಎಂದು ಎಲ್ಲ ಮಾಲೀಕರ ತಲೆಗೂ ಕಟ್ಟಬೇಡಿ. ನಾನು ಕೊಡುತ್ತೇನೆ.

ಹಳೇ ಕ್ಲೀನರ್: ಎಷ್ಟು?

ಕೋಟೆ ಊರಿನವನು: ಕಂತು, ಸರದಿ ಎಲ್ಲ ಆಮೇಲೆ. ಮೋಟಾರು ಸಾರಿಗೆ ಕಾರ್ಮಿಕರ ಕಾಯ್ದೆ, 1961 ಎಂದು ಒಂದಿದೆ. ದಿನಕ್ಕೆ ಎಂಟು ಗಂಟೆ, ವಾರಕ್ಕೆ ನಲವತ್ತೆಂಟು ಗಂಟೆ, ಐದು ಗಂಟೆ ದುಡಿದ ಮೇಲೆ ಅರ್ಧ ಗಂಟೆ ವಿರಾಮ. ಆ ನಲವತ್ತೆರಡು ನಿಮಿಷದಲ್ಲಿ ಮೂವತ್ತು ನಿಮಿಷ ಕಾನೂನೇ ಕೊಟ್ಟದ್ದು. ಐನೂರು ಹಿಡಿಯುವುದಿದ್ದರೆ ಹನ್ನೆರಡು ನಿಮಿಷಕ್ಕೆ ಲೆಕ್ಕ ಹಾಕಿ ಹಿಡಿಯಲಿ.

ಲೆಕ್ಕ ಬರೆಯುವವನು: "ಒಂದಿದೆ" ಅಲ್ಲ ಸ್ವಾಮಿ, ಒಂದಿತ್ತು. 2025ರ ನವೆಂಬರ್ 21ರಂದು ನಾಲ್ಕು ಕಾರ್ಮಿಕ ಸಂಹಿತೆಗಳು ಜಾರಿಗೆ ಬಂದು ಆ ಕಾಯ್ದೆಯನ್ನು ನುಂಗಿಕೊಂಡವು. ಹಳೆಯದು ಐದು ಮಂದಿ ಕೆಲಸಗಾರರಿದ್ದರೆ ಅನ್ವಯಿಸುತ್ತಿತ್ತು. ಹೊಸದಕ್ಕೆ ಹತ್ತು ಮಂದಿ ಬೇಕು.

ಮೂರು ಲಾರಿ: ನನ್ನಲ್ಲಿರುವುದು ಮೂವರು ಚಾಲಕರು. ಐದೂ ಇಲ್ಲ, ಹತ್ತೂ ಇಲ್ಲ. ಧನ್ಯವಾದ.

ಕೋಟೆ ಊರಿನವನು: ಮೂವರೇ ಇದ್ದರೆ ಅವರಿಗೆ ನಿದ್ದೆ ಬರುವುದಿಲ್ಲವೇ? ಮೋಟಾರು ವಾಹನ ಕಾಯ್ದೆಯ 91ನೇ ಕಲಂ ಓದಿ. ಚಾಲಕರ ಕೆಲಸದ ಅವಧಿಯೆಂದೇ ಇರುವ ಕಲಂ ಅದು.

ಲೆಕ್ಕ ಬರೆಯುವವನು: ಓದಿದ್ದೇನೆ. ಆ ಕಲಂ ಬೊಟ್ಟು ಮಾಡುವುದೂ ನೀವು ಹೇಳಿದ ಅದೇ 1961ರ ಕಾಯ್ದೆಯ ಕಡೆಗೆ.

ಹೊಳಲ್ಕೆರೆ ಸೊಸೆ: ಕಾಯ್ದೆ ಕಟ್ಟಿಡಿ. "ಹೆಂಡತಿ ಬಂದಳು" ಎಂದು ಒಂದೇ ಸಾಲಿನಲ್ಲಿ ಮುಗಿಸಿದಿರಲ್ಲ ಅಣ್ಣ, ಹಿಟ್ಟು ನಾದಿ ರೊಟ್ಟಿ ಬಡಿದದ್ದು, ಮಗುವನ್ನು ಎಬ್ಬಿಸಿ ಸ್ವೆಟರ್ ಹಾಕಿದ್ದು, ಕತ್ತಲೆಯಲ್ಲಿ ಹೆದ್ದಾರಿಯ ತನಕ ಸ್ಕೂಟರ್ ಓಡಿಸಿದ್ದು, ವಾಪಸು ಹೋದದ್ದು, ಇದೆಲ್ಲ ಯಾವ ಜಿಪಿಎಸ್ಸಿನಲ್ಲಿ ಬಂತು? ನಮ್ಮವರೂ ಲಾರಿಯವರೇ. ಮನೆಗೆ ಬಂದ ದಿನವೂ ಬೆಳಿಗ್ಗೆ ಎದ್ದು ಗ್ಯಾರೇಜಿಗೆ ಹೋಗಿ ಲಾರಿಯ ಸ್ಪ್ರಿಂಗ್ ಪಟ್ಟಿ ಕಟ್ಟಿಸುತ್ತಾ ಸಂಜೆ ಮಾಡುತ್ತಾರೆ. ಮಾಲೀಕರು ತಡೆಯುತ್ತಾರೆ ಎನ್ನುವುದು ಅರ್ಧ ಸತ್ಯ. ಬಿಟ್ಟ ದಿನವೂ ಇವರು ಮನೆಯಲ್ಲಿ ಕೂರುವುದಿಲ್ಲ.

ಬೈಪಾಸ್ ಚಾಲಕ: ಕತ್ತಲೆ ಎಂದು ನಾನು ಬರೆದಿಲ್ಲ. ಆಗ ಸಂಜೆ ಆರೂವರೆ, ಇನ್ನೂ ಬೆಳಕಿತ್ತು.

ಹೊಳಲ್ಕೆರೆ ಸೊಸೆ: ಉತ್ತರ ಕೊಡಲು ಸಿಕ್ಕಿದ್ದು ಅದೊಂದೇ ಪದ!

ಮೆಕ್ಕೆಜೋಳ ಲೋಡ್: ನಾನು ಮುಂಬೈ ಬಿಟ್ಟು ಮೂರು ವರ್ಷವಾಯಿತು. ಈಗ ಸುಗ್ಗಿಯಲ್ಲಿ ಹಳ್ಳಿಗಳಿಂದ ದಾವಣಗೆರೆ ಎಪಿಎಂಸಿಗೆ ಮೆಕ್ಕೆಜೋಳ, ಚಳ್ಳಕೆರೆಯ ಕಡೆಗೆ ಶೇಂಗಾ. ರಾತ್ರಿ ಊಟ ಮನೆಯಲ್ಲೇ. ದುಡಿಮೆ ಕಡಿಮೆ, ಸುಗ್ಗಿ ಮುಗಿದರೆ ಲಾರಿಯೂ ನಾನೂ ಬೇವಿನ ಮರದ ಕೆಳಗೆ. ಆದರೂ ಮಗ ನನ್ನ ಹತ್ತಿರ ಬಂದು ಮಲಗುತ್ತಾನೆ.

ಮೂರು ಲಾರಿ: "ಬೇವಿನ ಮರದ ಕೆಳಗೆ". ಕೇಳಿದಿರಾ? ಇದೇ ಗತಿ.

ಕೋಟೆ ಊರಿನವನು: ಗತಿಯ ಮಾತು ಬಂದದ್ದಕ್ಕೆ ಹೇಳುತ್ತೇನೆ. ಇ-ವೇ ಬಿಲ್ಲಿನಲ್ಲಿ, ಅಂದರೆ ಸರಕಿನ ಜೊತೆ ಇರಬೇಕಾದ ಜಿಎಸ್‌ಟಿ ಚೀಟಿಯಲ್ಲಿ, ಸರ್ಕಾರವೇ 200 ಕಿಲೋಮೀಟರಿಗೆ ಒಂದು ದಿನ ಕೊಡುತ್ತದೆ. ಬೆಂಗಳೂರು–ಮುಂಬೈ ಸಾವಿರಕ್ಕೆ ಹತ್ತಿರ, ಅಂದರೆ ಐದು ದಿನ. ಇವರು ಎರಡೂವರೆ ದಿನಕ್ಕೆ ಮುಟ್ಟಿಸಲು ಹೇಳುತ್ತಾರೆ. ಉಳಿದ ಎರಡೂವರೆ ದಿನ ಕದ್ದವರು ಯಾರು?

ಮೂರು ಲಾರಿ: ಕದ್ದವರು? ಮಾತು ಹಿಡಿತದಲ್ಲಿರಲಿ. ಬೆಳಗಿನ ಜಾವ ಮೂರು ಗಂಟೆಗೆ ಹಿರಿಯೂರಿನಲ್ಲಿ ಟೈರ್ ಸಿಡಿದರೆ ಎದ್ದು ಓಡುವವನು ನಾನು. ನನ್ನ ಮಗಳ ಹುಟ್ಟುಹಬ್ಬಕ್ಕೆ ನಾನೂ ಇರಲಿಲ್ಲ. ಅದಕ್ಕೆ ಯಾರ ಬಾಟಾ ಹಿಡಿಯಲಿ?

ಲೆಕ್ಕ ಬರೆಯುವವನು: ಇ-ವೇ ಬಿಲ್ಲಿನ ಅವಧಿ ತೆರಿಗೆಯ ಲೆಕ್ಕ, ಲಾರಿಯ ವೇಗವಲ್ಲ. 2020ರ ಕೊನೆಯವರೆಗೆ ಅದು ದಿನಕ್ಕೆ 100 ಕಿಲೋಮೀಟರ್ ಇತ್ತು. ನಿಮ್ಮ ಲೆಕ್ಕದಂತೆ ಆಗ ಲಾರಿಗಳು ಮುಂಬೈಗೆ ಹತ್ತು ದಿನ ತೆಗೆದುಕೊಳ್ಳುತ್ತಿದ್ದವೇ?

ಕೋಟೆ ಊರಿನವನು: ಹಾಗಾದರೆ ನೀವೇ ಒಪ್ಪಿದಿರಿ. 2021ರ ಜನವರಿಯಿಂದ ಅವಧಿಯನ್ನು ಅರ್ಧಕ್ಕೆ ಇಳಿಸಿದರು. ಲಾರಿ ಓಡಿಸುವವನ ಮೇಲೆಯೇ ಭಾರ ಬಿತ್ತು.

ಲೆಕ್ಕ ಬರೆಯುವವನು: ನಾನು ಏನನ್ನೂ ಒಪ್ಪಿಲ್ಲ.

ಹಳೇ ಕ್ಲೀನರ್: ಮೂರು ಲಾರಿಯವರೇ, ಹಾಲ್ಟಿಂಗ್ ಎಷ್ಟು ಕೊಡುತ್ತೀರಿ ಎಂದು ಕೇಳಿದ್ದೆ.

ಮೂರು ಲಾರಿ: ಅದು ನನ್ನ ಮತ್ತು ನನ್ನ ಚಾಲಕರ ನಡುವಿನ ವಿಷಯ.

ಹೊಳಲ್ಕೆರೆ ಸೊಸೆ: ನಲವತ್ತೆರಡು ನಿಮಿಷ ಮಾತ್ರ ಊರಿನವರೆಲ್ಲರ ವಿಷಯ.

ಬೈಪಾಸ್ ಚಾಲಕ: ಲೋಡ್ ಆಯಿತು, ಟಾರ್ಪಾಲ್ ಕಟ್ಟುತ್ತಿದ್ದೇನೆ. ನಾಳೆ ಬೆಳಗಿನ ಜಾವ ನಾಲ್ಕಕ್ಕೆ ಬೈಪಾಸ್ ದಾಟುತ್ತೇನೆ. ಈ ಸಲ ಬುತ್ತಿ ಬೇಡ ಎಂದಿದ್ದೇನೆ. ಮಗಳು ಮಾತ್ರ ಹಾರ್ನ್ ಹೊಡೆದು ಹೋಗು ಎಂದಿದ್ದಾಳೆ, ಮೂರು ಕಿಲೋಮೀಟರ್ ಕೇಳಿಸುತ್ತದೆಯಂತೆ.

ಲೆಕ್ಕ ಬರೆಯುವವನು: ಒಂದು ತಿದ್ದುಪಡಿ. 200 ಕಿಲೋಮೀಟರಿನ ಮೇಲೆ ಒಂದು ಕಿಲೋಮೀಟರ್ ಹೆಚ್ಚಾದರೂ ಇನ್ನೊಂದು ದಿನ ಸಿಗುತ್ತದೆ. ಆದ್ದರಿಂದ ಐದು ದಿನ ಎನ್ನುವ ಮೊದಲು ಸರಿಯಾದ ದೂರ ಹೇಳಿ.

ಕೋಟೆ ಊರಿನವನು: ಎಲ್ಲಿಂದ ಅಳೆಯಬೇಕು? ಯಶವಂತಪುರದಿಂದಲೋ, ನೆಲಮಂಗಲದಿಂದಲೋ?