ಸಹಾಯ ಬೇಕು: ವಾಟ್ಸ್‌ಆ್ಯಪ್ ಗುಂಪಿನಲ್ಲಿ ಗ್ರಾಹಕರ ನಂಬರ್ ಮರೆಮಾಡುವುದು ಹೇಗೆ?

ನಮಸ್ಕಾರ. ನಾನು ಇಳಕಲ್ಲಿನವಳು, ಮನೆಯಿಂದಲೇ ಸೀರೆ ಮಾರುತ್ತೇನೆ. ಗ್ರಾಹಕರಿಗಾಗಿ ಒಂದು ವಾಟ್ಸ್‌ಆ್ಯಪ್ ಗುಂಪಿದೆ, ಸುಮಾರು 230 ಜನ. ಟೋಪ್ ತೆನಿ (ಇಳಕಲ್ ಸೀರೆಯ ವಿಶಿಷ್ಟ ವಿನ್ಯಾಸ) ಸೆರಗಿನ ಫೋಟೊ ಹಾಕಿದರೆ ಅರ್ಧ ಗಂಟೆಯಲ್ಲಿ ಸೀರೆ ಖಾಲಿಯಾಗುತ್ತಿತ್ತು.

ಕಳೆದ ವಾರ ಯಾರೋ ನನ್ನ ಪ್ರೊಫೈಲ್ ಫೋಟೊ, ಹೆಸರು ಎರಡನ್ನೂ ಕದ್ದು, ಬೇರೆ ನಂಬರಿನಿಂದ ಸದಸ್ಯರಿಗೆ ಒಬ್ಬೊಬ್ಬರಾಗಿ ಸಂದೇಶ ಕಳಿಸಿ ಮುಂಗಡ ಕೇಳಿದ್ದಾರೆ. ವಿಜಯಪುರದ ಒಬ್ಬ ಅಕ್ಕ 1,500 ರೂಪಾಯಿ ಕಳೆದುಕೊಂಡರು. ಬೈದಿದ್ದು ನನ್ನನ್ನೇ! ಗುಂಪಿನಲ್ಲಿ ಎಲ್ಲರ ನಂಬರ್ ಎಲ್ಲರಿಗೂ ಕಾಣುತ್ತದೆ, ಕಳ್ಳನಿಗೆ ಅದೇ ದಾರಿಯಾಗಿರಬೇಕು.

ಆ ಅಕ್ಕನಿಂದ ಸೈಬರ್ ವಂಚನೆ ಸಹಾಯವಾಣಿ 1930ಕ್ಕೆ ದೂರು ಕೊಡಿಸಿದ್ದೇನೆ. ಕಳ್ಳನ ನಂಬರನ್ನು ಹಲವರು ಸೇರಿ ವಾಟ್ಸ್‌ಆ್ಯಪ್‌ಗೆ ರಿಪೋರ್ಟ್ ಮಾಡಿದ್ದೇವೆ. ನನ್ನ ಫೋಟೊ ನನ್ನ ಸಂಪರ್ಕದಲ್ಲಿರುವವರಿಗೆ ಮಾತ್ರ ಕಾಣುವಂತೆ ಬದಲಿಸಿದೆ. ಈಗ ಹೊಸ ತಲೆನೋವು: ನಾನು ನಂಬರ್ ಉಳಿಸಿಕೊಳ್ಳದ ಗ್ರಾಹಕರಿಗೆ ನನ್ನ ಫೋಟೊ ಕಾಣುವುದಿಲ್ಲ, ಕಳ್ಳನದು ಕಾಣುತ್ತದೆ. ಅಸಲಿ ನಾನೇ ನಕಲಿಯಂತೆ ಕಾಣುತ್ತಿದ್ದೇನೆ.

ವಾಟ್ಸ್‌ಆ್ಯಪ್‌ನಲ್ಲಿ ಕಮ್ಯುನಿಟಿ (ಹಲವು ಗುಂಪುಗಳನ್ನು ಒಂದೆಡೆ ಸೇರಿಸುವ ಸೌಲಭ್ಯ) ಮಾಡಿದರೆ ಅದರ ಪ್ರಕಟಣೆ ಗುಂಪಿನಲ್ಲಿ ಸದಸ್ಯರ ನಂಬರ್ ಪರಸ್ಪರ ಕಾಣುವುದಿಲ್ಲ ಎಂದು ಮಗಳು ಹೇಳುತ್ತಾಳೆ. ಆದರೆ ಹಳೆಯ ಗುಂಪನ್ನೇ ಅದಕ್ಕೆ ಸೇರಿಸಿದರೆ ಅಲ್ಲಿ ನಂಬರುಗಳು ಮೊದಲಿನಂತೆಯೇ ಕಾಣುತ್ತವೆಯಂತೆ. ನಾನು ಸಿಕ್ಕಿಕೊಂಡಿರುವುದು ಇಲ್ಲೇ.

ಹಳೆಯ ಗುಂಪನ್ನು ಪೂರ್ತಿ ಮುಚ್ಚಿ, ಕೊಂಡಿ ಕಳಿಸಿ ಎಲ್ಲರನ್ನೂ ಹೊಸ ಕಮ್ಯುನಿಟಿಗೆ ಕರೆಯಬೇಕೇ? ಅಥವಾ ಗ್ರಾಹಕರನ್ನು ಕಳೆದುಕೊಳ್ಳದೆ ಇದೇ ಗುಂಪಿನಲ್ಲಿ ನಂಬರ್ ಮರೆಮಾಡುವ ದಾರಿ ಇದೆಯೇ? ಹೀಗೆ ಬದಲಾಯಿಸಿದ ಅನುಭವ ಇರುವವರು ದಯವಿಟ್ಟು ತಿಳಿಸಿ.