ಪದಚರ್ಚೆ: ಯಕೃತ್ತಿನ ಕಸಿಯಲ್ಲಿ ‘ಆಣ್ವಿಕ’, ‘ತಿರಸ್ಕಾರ’, ‘ಜೀನ್ ಸಹಿ’ – ಬೇರೆ ಪದ ಬೇಕು

ಎಲ್ಲರಿಗೂ ನಮಸ್ಕಾರ.

ಯಕೃತ್ತಿನ ಕಸಿ ಆದವರಿಗೆ ಕೊಡಲು ಒಂದು ಕನ್ನಡ ಕೈಪಿಡಿ ಸಿದ್ಧವಾಗುತ್ತಿದೆ. ಮಾತ್ರೆ, ಊಟ, ಸೋಂಕು ಇವುಗಳ ಪುಟಗಳಲ್ಲಿ ಪದದ ತೊಡಕಿಲ್ಲ. ಹೊಸ ರಕ್ತಪರೀಕ್ಷೆ, ಜೀನ್ ಪರೀಕ್ಷೆಗಳ ಪುಟ ಮಾತ್ರ ಸರಿಹೋಗುತ್ತಿಲ್ಲ. ಕರಡಿನ ವಾಕ್ಯ ಇದು:

“ಆಣ್ವಿಕ ದತ್ತಾಂಶದಲ್ಲಿನ ಜೀನ್ ಸಹಿಯ ನೆರವಿನಿಂದ ಕಸಿಯ ತಿರಸ್ಕಾರವನ್ನು ಮುಂಚಿತವಾಗಿ ಪತ್ತೆಹಚ್ಚಬಹುದು.”

‘ಆಣ್ವಿಕ’ (ಮಾಲಿಕ್ಯುಲರ್), ‘ಜೀನ್ ಸಹಿ’ (ಜೀನ್ ಸಿಗ್ನೇಚರ್), ‘ತಿರಸ್ಕಾರ’ (ರಿಜೆಕ್ಷನ್), ಈ ಮೂರಕ್ಕೂ ಬದಲಿ ಪದ ಬೇಕು. ರಕ್ತದಲ್ಲಿ ಓಡಾಡುವ ಡಿಎನ್‌ಎ ಚೂರುಗಳಿಗೆ ‘ಕೋಶರಹಿತ ಡಿಎನ್‌ಎ’ ಎಂದು ಬರೆದಿದೆ, ಅದು ಸರಿಯೇ? ಪ್ರಯೋಗಾಲಯದವರ ಟಿಪ್ಪಣಿಗೆ ‘ಬ್ಯಾಚ್ ಎಫೆಕ್ಟ್’ಗೂ (ಮಾದರಿಗಳನ್ನು ಬೇರೆ ಬೇರೆ ಸಲ ಅಳೆದಾಗ ಅದರಿಂದಲೇ ಬರುವ ವ್ಯತ್ಯಾಸ) ಕನ್ನಡ ಸಿಕ್ಕರೆ ಒಳ್ಳೆಯದು. ‘ಯಕೃತ್ತು’ ಹಾಗೇ ಇರಲಿ ಎಂದು ತೀರ್ಮಾನವಾಗಿದೆ. ‘ಪಿತ್ತಜನಕಾಂಗ’ ಉದ್ದವಾಯಿತು, ‘ಈಲಿ’ ಎಷ್ಟೋ ಕಡೆ ಬಳಕೆ ತಪ್ಪಿದೆ.

* * *

ನಮಸ್ಕಾರ. ‘ತಿರಸ್ಕಾರ’ದಿಂದಲೇ ಶುರುಮಾಡುತ್ತೇನೆ, ಹೆಚ್ಚು ಕೆಡುಕು ಮಾಡುವ ಪದ ಅದೇ. ನಾಮಪತ್ರ ತಿರಸ್ಕೃತವಾಯಿತು ಎಂದರೆ ಅಭ್ಯರ್ಥಿ ಕಣದಲ್ಲಿಲ್ಲ ಎಂದರ್ಥ. ‘ದೇಹ ಯಕೃತ್ತನ್ನು ತಿರಸ್ಕರಿಸಿದೆ’ ಎಂದು ಕೇಳಿದವರು ಕಸಿ ಹೋಯಿತು ಎಂದೇ ತಿಳಿಯುತ್ತಾರೆ. ವೈದ್ಯರು ಹೇಳುತ್ತಿರುವುದು ಅದಲ್ಲ. ರೋಗನಿರೋಧಕ ಕೋಶಗಳು ಯಕೃತ್ತಿನ ಮೇಲೆ ಬಿದ್ದಿವೆ, ಎಷ್ಟರಮಟ್ಟಿಗೆ ಎಂದು ನೋಡಬೇಕು, ಅಷ್ಟೆ. ಸೂಜಿಯಿಂದ ತೆಗೆದ ಯಕೃತ್ತಿನ ಚೂರಿನಲ್ಲಿ (ಬಯಾಪ್ಸಿ) ಪೋರ್ಟಲ್ ಜಾಗದ (ರಕ್ತನಾಳ, ಪಿತ್ತನಾಳಗಳು ಒಟ್ಟಾಗಿ ಸಾಗುವ ಜಾಗ) ಉರಿಯೂತ, ಪಿತ್ತನಾಳದ ಹಾನಿ, ಅಭಿಧಮನಿಯ ಒಳಪದರದ ಉರಿಯೂತ ಈ ಮೂರಕ್ಕೂ 0ಯಿಂದ 3ರವರೆಗೆ ಅಂಕ ಕೊಟ್ಟು, 9ಕ್ಕೆ ಎಷ್ಟು ಎಂದು ಕೂಡುತ್ತಾರೆ. ಅಂಕ ಕಡಿಮೆಯಿದ್ದರೆ, ರೋಗನಿರೋಧಕ ಶಕ್ತಿಯನ್ನು ತಗ್ಗಿಸುವ ಟ್ಯಾಕ್ರೋಲಿಮಸ್ ಔಷಧಿಯ ಪ್ರಮಾಣ ಏರಿಸಿದರೆ ಸಾಕಾಗಬಹುದು. ಹೆಚ್ಚಿದ್ದರೆ ಮೀಥೈಲ್‌ಪ್ರೆಡ್ನಿಸಲೋನ್ ಎಂಬ ಸ್ಟೀರಾಯ್ಡ್ ಅನ್ನು ದಿನಕ್ಕೆ 500ರಿಂದ 1000 ಮಿಲಿಗ್ರಾಂನಂತೆ, ಸಾಮಾನ್ಯವಾಗಿ ಮೂರು ದಿನ, ರಕ್ತನಾಳಕ್ಕೆ ಕೊಡುತ್ತಾರೆ. ಬಹುಪಾಲು ಇಳಿಯುತ್ತದೆ. ಇಳಿಯುವ ಸಂಗತಿಗೆ ಇಳಿಯಬಲ್ಲ ಪದವೇ ಬೇಕು. ‘ಕಸಿವಿರೋಧ’ ಎನ್ನಿ. ವಿರೋಧ ಸಣ್ಣದಿರಬಹುದು, ಜೋರಾಗಬಹುದು, ತಣ್ಣಗಾಗಬಹುದು. ಯಕೃತ್ತು ನಿಜವಾಗಿಯೂ ಕೆಲಸ ನಿಲ್ಲಿಸಿದಾಗ ‘ಕಸಿ ವಿಫಲ’ ಎಂದು ಬೇರೆಯಾಗಿ ಬರೆಯಿರಿ.

ಇದರ ಎದುರು ಪದಕ್ಕೆ, ಎಂದರೆ ದೇಹ ಕಸಿಯನ್ನು ಔಷಧಿಯಿಲ್ಲದೆಯೇ ಒಪ್ಪಿಕೊಳ್ಳುವುದಕ್ಕೆ (ಟಾಲರೆನ್ಸ್), ‘ಸಹಿಷ್ಣುತೆ’ ಬೇಡ. ‘ಈ ಊರಿನ ನೀರು ಮೈಗೆ ಒಗ್ಗಲಿಲ್ಲ’ ಎನ್ನುತ್ತೇವಲ್ಲ, ಆ ‘ಒಗ್ಗು’ ಇಲ್ಲಿ ಅಚ್ಚುಕಟ್ಟಾಗಿ ಕೂರುತ್ತದೆ: ‘ಕಸಿ ಒಗ್ಗಿಕೆ’. 2013ರಲ್ಲಿ ಪ್ರಕಟವಾದ ಯುರೋಪಿನ ಅಧ್ಯಯನವೊಂದರಲ್ಲಿ, ಕಸಿಯಾಗಿ ಕನಿಷ್ಠ ಮೂರು ವರ್ಷ ಕಳೆದು ಸ್ಥಿರವಾಗಿದ್ದ 98 ಮಂದಿಗೆ ವೈದ್ಯರ ಕಣ್ಗಾವಲಿನಲ್ಲಿ ರೋಗನಿರೋಧಕ ಶಕ್ತಿ ತಗ್ಗಿಸುವ ಔಷಧಿ ಇಳಿಸುತ್ತಾ ಬಂದರು. 41 ಮಂದಿಗೆ ಒಗ್ಗಿತ್ತು, ಔಷಧಿ ಪೂರ್ತಿ ನಿಂತಿತು. 57 ಮಂದಿಯಲ್ಲಿ ವಿರೋಧ ಎದ್ದಿತು, ಚಿಕಿತ್ಸೆಗೆ ಇಳಿಯಿತು. ಈ 57ರ ಎದುರು ‘ತಿರಸ್ಕಾರ’ ಎಂದು ಬರೆದು ನೋಡಿ, ಅರ್ಥ ಎಷ್ಟು ಕೆಡುತ್ತದೆ ಎಂದು ತಿಳಿಯುತ್ತದೆ. ‘ಒಗ್ಗಿಕೆ’ ಬಂದ ಪುಟದಲ್ಲೇ, ಸ್ವಂತ ನಿರ್ಧಾರದಿಂದ ಒಂದು ಮಾತ್ರೆಯನ್ನೂ ಬಿಡಬಾರದು ಎಂದು ದಪ್ಪಕ್ಷರದಲ್ಲಿ ಹಾಕಿ.

‘ಆಣ್ವಿಕ’ ಪಠ್ಯಪುಸ್ತಕದ ಲೆಕ್ಕದಲ್ಲಿ ಸರಿ. ಅಲ್ಲಿ ಅಣು ಬೇರೆ, ಪರಮಾಣು ಬೇರೆ. ಪತ್ರಿಕೆಯ ಕನ್ನಡದಲ್ಲಿ ಅಣುಬಾಂಬು, ಕೈಗಾ ಅಣುಸ್ಥಾವರ. ಓದುವವರಿಗೆ ವಿಕಿರಣದ ಭಯ ಹುಟ್ಟಿಸುವುದು ಬೇಡ. ಏನನ್ನು ಅಳೆಯುತ್ತಾರೋ ಅದನ್ನೇ ಹೇಳಿ: ‘ಜೀನ್, ಪ್ರೋಟೀನ್‌ಗಳ ಸಮಗ್ರ ಲೆಕ್ಕ’.

‘ಕೋಶರಹಿತ ಡಿಎನ್‌ಎ’ ಎಂದರೆ ಕೋಶಕ್ಕೆ ಸಂಬಂಧವೇ ಇಲ್ಲದ್ದು ಎನಿಸುತ್ತದೆ. ವಾಸ್ತವದಲ್ಲಿ ಅದು ಒಡೆದ ಕೋಶದಿಂದಲೇ ಬಂದ, ಸುಮಾರು 166 ಅಕ್ಷರಜೋಡಿ (ಬೇಸ್ ಪೇರ್) ಉದ್ದದ ಚೂರು. ಕಟ್ಟಿದ ಹೂವು, ಬಿಡಿ ಹೂವು ಇದ್ದ ಹಾಗೆ ಇದು ‘ಬಿಡಿ ಡಿಎನ್‌ಎ’. ಅದರಲ್ಲಿ ದಾನಿಯ ಪಾಲೆಷ್ಟು ಎಂಬುದನ್ನು ದಾನಿ, ರೋಗಿ ಇಬ್ಬರ ಡಿಎನ್‌ಎ ನಡುವಿನ ಒಂದಕ್ಷರದ ವ್ಯತ್ಯಾಸಗಳಿಂದ ಎಣಿಸುತ್ತಾರೆ. ಮೂತ್ರಪಿಂಡದ ಕಸಿಯಲ್ಲಿ ಶೇ 1 ದಾಟಿದರೆ ಎಚ್ಚರವಾಗುತ್ತಾರೆ. ಯಕೃತ್ತು ದೊಡ್ಡ ಅಂಗ, ಇಲ್ಲಿ ಗಡಿ ಶೇ 10ರ ಆಸುಪಾಸು. ಇದನ್ನು ‘ಕಸಿವಿರೋಧದ ಪರೀಕ್ಷೆ’ ಎಂದು ಮಾತ್ರ ಬರೆಯಬೇಡಿ. ಪಿತ್ತನಾಳ ಕಟ್ಟಿಕೊಂಡರೂ, ಹೆಪಟೈಟಿಸ್ ಮರುಕಳಿಸಿದರೂ ಅಂಕಿ ಏರುತ್ತದೆ. ಅದು ಹೇಳುವುದು ಯಕೃತ್ತಿಗೆ ಪೆಟ್ಟು ಬಿದ್ದಿದೆ ಎಂದಷ್ಟೆ, ಆದ್ದರಿಂದ ‘ಹಾನಿಸೂಚಕ’. ರಕ್ತ ತೆಗೆದು, ಹೆಪ್ಪುಗಟ್ಟದಂತೆ ತಡೆಯುವ ಮಾಮೂಲಿ ಇಡಿಟಿಎ ನಳಿಕೆಯಲ್ಲಿ ಇಡೀ ದಿನ ಬಿಟ್ಟರೆ ರೋಗಿಯ ಬಿಳಿ ರಕ್ತಕಣಗಳು ಒಡೆದು ಅವರದೇ ಡಿಎನ್‌ಎ ಸೇರಿಕೊಳ್ಳುತ್ತದೆ. ಛೇದ (ಒಟ್ಟು ಬಿಡಿ ಡಿಎನ್‌ಎ) ಹಿಗ್ಗಿ, ದಾನಿಯ ಶೇಕಡಾವಾರು ಸುಳ್ಳಾಗಿ ತಗ್ಗುತ್ತದೆ. ಕೆಲವೇ ಗಂಟೆಗಳಲ್ಲಿ ಪ್ಲಾಸ್ಮಾ ಬೇರ್ಪಡಿಸಬೇಕು, ಇಲ್ಲವೇ ಕಣಗಳು ಒಡೆಯದಂತೆ ಕಾಯುವ ವಿಶೇಷ ನಳಿಕೆ ಬಳಸಬೇಕು. ಸೋಂಕಿನಲ್ಲೂ ಛೇದ ಹಿಗ್ಗಬಹುದಾದ್ದರಿಂದ ಶೇಕಡಾವಾರಿನ ಜೊತೆಗೆ ಒಂದು ಮಿಲಿಲೀಟರಿನಲ್ಲಿ ದಾನಿಯ ಡಿಎನ್‌ಎ ಪ್ರತಿಗಳು (ಕಾಪಿ) ಎಷ್ಟು ಎಂಬ ಅಂಕಿಯೂ ವರದಿಯಲ್ಲಿರಲಿ.

‘ಜೀನ್ ಸಹಿ’ ಓದಿದರೆ ಜೀನ್ ಎಲ್ಲೋ ರುಜು ಹಾಕಿದಂತಿದೆ. ನಮ್ಮಲ್ಲಿ ‘ಚಹರೆಪಟ್ಟಿ’ ಇದೆಯಲ್ಲ. ಎತ್ತರ, ಮೈಬಣ್ಣ, ಎಡಗೆನ್ನೆಯ ಮಚ್ಚೆ, ಎಲ್ಲ ಸೇರಿದಾಗ ಒಬ್ಬ ಮನುಷ್ಯ ಗುರುತಾಗುತ್ತಾನೆ. ಜೀನ್‌ಗಳ ವಿಷಯವೂ ಹಾಗೇ, ಹಲವು ಜೀನ್‌ಗಳ ಮಟ್ಟ ಸೇರಿದಾಗ ಒಂದು ಸ್ಥಿತಿ ಗುರುತಾಗುತ್ತದೆ. ಯಕೃತ್ತಿನ ಚೂರಿನಲ್ಲಿ ಕಬ್ಬಿಣದ ನಿರ್ವಹಣೆಗೆ ಸೇರಿದ ಕೆಲವು ಜೀನ್‌ಗಳ ಮಟ್ಟ ಒಗ್ಗಿಕೆಯ ಜೊತೆ ಹೊಂದುತ್ತದೆ ಎಂದು 2012ರಲ್ಲಿ ತೋರಿಸಿದ್ದರು, ಅದೂ ಒಂದು ‘ಜೀನ್ ಚಹರೆ’. 20,000 ಜೀನ್‌ಗಳನ್ನು ನೂರು ಜನರಲ್ಲಿ ಅಳೆದರೆ ಬರೀ ಆಕಸ್ಮಿಕವಾಗಿ ಹೊಂದುವವೂ ನೂರಾರು ಸಿಗುತ್ತವೆ. ಬೇರೆ ಆಸ್ಪತ್ರೆಯ, ಬೇರೆ ಜನರಲ್ಲಿ ತಾಳೆಯಾಗುವವರೆಗೆ ಚಹರೆಯನ್ನು ನಂಬುವಂತಿಲ್ಲ.

‘ಬ್ಯಾಚ್’ಗೆ ಅಡುಗೆಮನೆಯ ‘ಒಬ್ಬೆ’ ಇದೆ. ಹಿಟ್ಟು ಒಂದೇ ಆದರೂ ಮೊದಲ ಒಬ್ಬೆಯ ಇಡ್ಲಿ, ಕೊನೆಯ ಒಬ್ಬೆಯ ಇಡ್ಲಿ ಒಂದೇ ಸಮ ಇರುವುದಿಲ್ಲ. ವಿರೋಧ ಎದ್ದವರ ಮಾದರಿಗಳನ್ನೆಲ್ಲ ಸೋಮವಾರ, ಸ್ಥಿರವಾಗಿರುವವರದ್ದನ್ನೆಲ್ಲ ಗುರುವಾರ ಯಂತ್ರಕ್ಕೆ ಹಾಕಿದರೆ ಕಂಡ ವ್ಯತ್ಯಾಸ ರೋಗದ್ದೋ ದಿನದ್ದೋ ಎಂದು ಆಮೇಲೆ ಯಾವ ಗಣಿತವೂ ಬಿಡಿಸಲಾರದು. ಪ್ರತಿ ಒಬ್ಬೆಯಲ್ಲೂ ಎರಡೂ ಬಗೆ ಬೆರೆತಿರಬೇಕು. ‘ಒಬ್ಬೆವ್ಯತ್ಯಾಸ’ ಎಂದು ಧೈರ್ಯವಾಗಿ ಬರೆಯಿರಿ.

* * *

ಮೇಲಿನವರು ಹೇಳಿದ್ದೆಲ್ಲ ಒಪ್ಪಿಗೆ. ಇನ್ನೊಂದು ಪದ ಸೇರಿಸಬೇಕು: ‘ರೋಗಿಯ ಜೀನ್’. ಯಕೃತ್ತಿನ ಕಸಿಯಾದವರಲ್ಲಿ ಯಾರ ಜೀನ್ ಎಂದು ಹೇಳದೆ ಆ ಮಾತು ಪೂರ್ತಿಯಾಗುವುದಿಲ್ಲ. ಟ್ಯಾಕ್ರೋಲಿಮಸ್ ಅನ್ನು ಕರಗಿಸುವ ಸಿವೈಪಿ3ಎ5 ಕಿಣ್ವ ಕರುಳಿನಲ್ಲೂ ಇದೆ, ಯಕೃತ್ತಿನಲ್ಲೂ ಇದೆ. ಕಸಿಯ ನಂತರ ಕರುಳು ರೋಗಿಯದು, ಯಕೃತ್ತು ದಾನಿಯದು. ಈ ಕಿಣ್ವ ಚುರುಕಾಗಿದ್ದವರಿಗೆ ಆರಂಭದಲ್ಲಿ ಒಂದೂವರೆಯಿಂದ ಎರಡು ಪಟ್ಟು ಔಷಧಿ ಬೇಕು ಎಂಬ ಅಂತರರಾಷ್ಟ್ರೀಯ ಸಲಹೆ ಇದೆ. ಯಕೃತ್ತಿನ ಕಸಿಯಲ್ಲಿ ಅದು ದಾನಿ, ರೋಗಿ ಇಬ್ಬರ ಜೀನ್ ಬಗೆಯೂ ಒಂದೇ ಆಗಿದ್ದಾಗ ಮಾತ್ರ ಅನ್ವಯ. ಹಾಗಾಗಿ ಕೈಪಿಡಿಯ ಪಟ್ಟಿಯಲ್ಲಿ ‘ರೋಗಿಯ ಜೀನ್ (ರಕ್ತದಿಂದ)’, ‘ದಾನಿಯ ಜೀನ್ (ಯಕೃತ್ತಿನದು)’ ಎಂದು ಎರಡು ಸಾಲು ಬೇಕು. ಪ್ರಮಾಣವನ್ನು ಕೊನೆಗೆ ತೀರ್ಮಾನಿಸುವುದು ಬೆಳಗಿನ ಮಾತ್ರೆಗೆ ಮುಂಚೆ ತೆಗೆದ ರಕ್ತದಲ್ಲಿನ ಔಷಧಿಯ ಮಟ್ಟವೇ ಎಂದು ಕೆಳಗೆ ಸೇರಿಸಿ.

ಕರಡಿನ ವಾಕ್ಯವನ್ನು ಹೀಗೆ ತಿದ್ದಬಹುದೇ, ನೋಡಿ: “ನಿಮ್ಮ ರಕ್ತದಲ್ಲಿ ದಾನಿಯ ಬಿಡಿ ಡಿಎನ್‌ಎ ಹೆಚ್ಚಿದೆ ಎಂದರೆ ಯಕೃತ್ತಿಗೆ ಏನೋ ಹಾನಿಯಾಗುತ್ತಿದೆ, ಅದು ಕಸಿವಿರೋಧವೋ ಬೇರೆಯೋ ಎಂದು ತಿಳಿಯಲು ವೈದ್ಯರು ಇನ್ನೂ ಕೆಲವು ಪರೀಕ್ಷೆ ಮಾಡಿಸುತ್ತಾರೆ.”